ಹಸಿಮಣ್ಣು, ಸುಟ್ಟ ಮಡಕೆ: ಕನ್ನಡ ಕ್ರೈಸ್ತ ಬದುಕಿನಲ್ಲಿ ದೈವಾರ್ಪಣೆಯ ಪರಿಕಲ್ಪನೆ

ಮನುಷ್ಯನು ತನ್ನನ್ನು ದೇವರಿಗೆ ಒಪ್ಪಿಸಿಕೊಟ್ಟು ಆತನ ಕೈಯಲ್ಲಿ ಹೊಸಬನಾಗುವುದು ಕ್ರೈಸ್ತ ಆಧ್ಯಾತ್ಮಿಕತೆಯ ಕೇಂದ್ರ ಆಶಯಗಳಲ್ಲಿ ಒಂದು. ದೈವಶಾಸ್ತ್ರದ ಗ್ರಂಥಗಳು ಇದನ್ನು ಕೃಪೆ, ನೀತೀಕರಣ, ಪವಿತ್ರೀಕರಣ ಮುಂತಾದ ಪಾರಿಭಾಷಿಕ ಪದಗಳ ಮೂಲಕ ವಿವರಿಸುತ್ತವೆ. ಜನಸಾಮಾನ್ಯರ ಪ್ರಾರ್ಥನೆ, ಹಾಡು, ಆಚರಣೆಗಳಲ್ಲಿ ಅದೇ ಆಶಯ ಬೇರೆಯೇ ದಾರಿ ಹಿಡಿದಿದೆ. ಅಲ್ಲಿ ಮಣ್ಣು, ಕೈ, ನೀರು, ಬೂದಿ ಮೊದಲಾದ ದಿನಬಳಕೆಯ ವಸ್ತುಗಳೇ ತತ್ತ್ವದ ಭಾರವನ್ನು ಹೊತ್ತಿವೆ. ಕನ್ನಡವನ್ನು ಆರಾಧನೆಯ ಭಾಷೆಯಾಗಿಸಿಕೊಂಡ ಕ್ರೈಸ್ತರ ಬದುಕಿನಲ್ಲಿ ಈ ಆಶಯವು ಯಾವ ಪದಗಳನ್ನು, ಯಾವ ಪ್ರತಿಮೆಗಳನ್ನು ಆಶ್ರಯಿಸಿದೆ, ಆ ಪದಗಳು ಈ ನೆಲದ ಜನಪದದಿಂದ ಏನನ್ನು ಹೊತ್ತು ತಂದಿವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲಿಗೆ ಪದದ ಮಾತು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಿಂದ ಆರಂಭಿಸಿದ ಬೈಬಲ್ ಅನುವಾದದ ಕಾರ್ಯ 1831ರ ವೇಳೆಗೆ ಸಂಪೂರ್ಣ ಗ್ರಂಥವಾಗಿ ಕನ್ನಡಿಗರ ಕೈಸೇರಿತು. ಮುಂದೆ ಬಾಸೆಲ್ ಮಿಷನ್ನಿನ ವಿದ್ವಾಂಸರೂ ಸ್ಥಳೀಯ ಪಂಡಿತರೂ ಈ ಅನುವಾದವನ್ನು ಪರಿಷ್ಕರಿಸುತ್ತ ಬಂದರು. ಈ ದೀರ್ಘ ಪ್ರಕ್ರಿಯೆಯಲ್ಲಿ ಅನುವಾದಕರ ಎದುರಿಗೆ ಸಂಸ್ಕೃತಮೂಲದ ಶರಣಾಗತಿ, ಸಮರ್ಪಣೆ, ಪ್ರಪತ್ತಿ ಮುಂತಾದ ಸಿದ್ಧಪದಗಳಿದ್ದವು. ಇವುಗಳಲ್ಲಿ ಸಮರ್ಪಣೆ ಎಂಬುದು ಕ್ರೈಸ್ತ ಬಳಕೆಯಲ್ಲಿ ನೆಲೆನಿಂತಿತು. ಆದರೆ ಪ್ರಾರ್ಥನೆಯಲ್ಲಿ ನಾಲಗೆಗೆ ಸಹಜವಾಗಿ ಬಂದ ಪದ ಅಚ್ಚಕನ್ನಡದ 'ಒಪ್ಪಿಸು' ಎಂಬುದು. ಶಿಲುಬೆಯ ಮೇಲೆ ಯೇಸು ತನ್ನ ಆತ್ಮವನ್ನು ತಂದೆಯ ಕೈಗೆ ಕೊಡುವ ಸಂದರ್ಭಕ್ಕೆ ಕನ್ನಡ ಬೈಬಲ್ ಬಳಸುವುದು ಈ ಪದವನ್ನೇ.

'ಒಪ್ಪಿಸು' ಎಂಬ ಪದದ ಜನಪದ ವ್ಯಾಪ್ತಿ ದೊಡ್ಡದು. ಮಗು ಮಗ್ಗಿಯನ್ನು ಒಪ್ಪಿಸುತ್ತದೆ; ಜೀತದಾಳು ದನಗಳನ್ನು ಕೊಟ್ಟಿಗೆಗೆ ತಂದು ಒಪ್ಪಿಸುತ್ತಾನೆ; ಮದುವೆಯ ಕೊನೆಯಲ್ಲಿ ಹೆಣ್ಣೊಪ್ಪಿಸುವ ಶಾಸ್ತ್ರ ನಡೆಯುತ್ತದೆ. ಹೆಣ್ಣೊಪ್ಪಿಸುವ ಹಾಡುಗಳು ಕನ್ನಡ ಜನಪದ ಗೀತೆಗಳಲ್ಲಿ ಅತ್ಯಂತ ಆರ್ದ್ರವಾದವು. ಕೊಡುವವರು ಅಲ್ಲಿ ಸುಮ್ಮನೆ ಕೊಡುವುದಿಲ್ಲ, ನಂಬಿಕೆಯಿಟ್ಟು, ಹೇಗೆ ನೋಡಿಕೊಳ್ಳಬೇಕೆಂದು ಕೇಳಿಕೊಂಡು ಕೊಡುತ್ತಾರೆ. ಹೀಗಾಗಿ ಒಪ್ಪಿಸುವುದೆಂದರೆ ವಸ್ತುವೊಂದನ್ನು ಬಿಟ್ಟುಕೊಡುವುದಷ್ಟೇ ಆಗಿರದೆ, ಪಡೆದವನನ್ನು ಹೊಣೆಗಾರನನ್ನಾಗಿಸುವುದೂ ಆಗಿದೆ. ಇದರ ಧಾತುವಾದ 'ಒಪ್ಪು' ಎಂಬುದಕ್ಕೆ ಸಮ್ಮತಿಸು, ತಕ್ಕುದಾಗು, ಶೋಭಿಸು ಎಂಬ ಅರ್ಥಗಳಿವೆ. 'ಒಪ್ಪ' ಎಂದರೆ ಚೆಲುವು, ಮೆರುಗು. ಸಮ್ಮತಿ, ಹಸ್ತಾಂತರ, ಮೆರುಗು ಈ ಮೂರೂ ಒಂದೇ ಕುಟುಂಬದ ಪದಗಳಲ್ಲಿ ಕೂಡಿರುವುದು ಗಮನಾರ್ಹ. ಅನುವಾದಕರು ಇಷ್ಟೆಲ್ಲವನ್ನೂ ಯೋಚಿಸಿಯೇ ಈ ಪದವನ್ನು ಆರಿಸಿದರೆಂದು ಹೇಳಬೇಕಾಗಿಲ್ಲ. ಭಾಷೆಯೇ ಅವರ ಪರವಾಗಿ ಈ ಕೆಲಸವನ್ನು ಮಾಡಿದೆ.

ಹೆಣ್ಣೊಪ್ಪಿಸುವ ಶಾಸ್ತ್ರದಲ್ಲಿ ಒಪ್ಪಿಸಲ್ಪಡುವವಳು ಮೌನವಾಗಿರುತ್ತಾಳೆ. ಕೊಡುವವರು ಬೇರೆ, ಕೊಡಲ್ಪಡುವವಳು ಬೇರೆ. ಕ್ರೈಸ್ತ ಪ್ರಾರ್ಥನೆಯಲ್ಲಿ ಈ ವಿನ್ಯಾಸ ಬದಲಾಗುತ್ತದೆ. ಭಕ್ತನು ತನ್ನನ್ನು ತಾನೇ ಒಪ್ಪಿಸಿಕೊಡುತ್ತಾನೆ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಯೂದನು ಯೇಸುವನ್ನು ವೈರಿಗಳಿಗೆ ಕೊಟ್ಟದ್ದಕ್ಕೂ ಯೇಸು ತನ್ನನ್ನು ತಾನೇ ಕೊಟ್ಟುಕೊಂಡದ್ದಕ್ಕೂ ಬಳಕೆಯಾಗಿರುವುದು ಒಂದೇ ಕ್ರಿಯಾಪದ. ಕನ್ನಡದ ಹಳೆಯ ಅನುವಾದವು ಯೂದನ ಕೃತ್ಯವನ್ನು ಬಹುಮಟ್ಟಿಗೆ 'ಹಿಡಿದುಕೊಡು' ಎಂದೂ ಯೇಸುವಿನ ಕೃತ್ಯವನ್ನು 'ಒಪ್ಪಿಸು' ಎಂದೂ ಬೇರ್ಪಡಿಸಿತು. ಇದರಿಂದ ಮೂಲದ ವ್ಯಂಗ್ಯವೊಂದು ಕೈತಪ್ಪಿತಾದರೂ, ಬಲವಂತದಿಂದ ಕೊಡಿಸುವುದಕ್ಕೂ ತಾನಾಗಿ ಕೊಟ್ಟುಕೊಳ್ಳುವುದಕ್ಕೂ ಇರುವ ಅಂತರ ಕನ್ನಡ ಓದುಗನಿಗೆ ಸ್ಪಷ್ಟವಾಯಿತು. ಈ ಅಂತರ ಎಷ್ಟು ಮುಖ್ಯವೆಂಬುದು ಮುಂದೆ ತಿಳಿದುಬರುತ್ತದೆ.

ಎರಡನೆಯ ಪದ 'ಪಡು'. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಹನ್ನೆರಡನೆಯ ಅಧ್ಯಾಯದ ಆರಂಭದಲ್ಲಿ ವಿಶ್ವಾಸಿಗಳು ತಮ್ಮ ದೇಹಗಳನ್ನು ಸಜೀವ ಯಜ್ಞವಾಗಿ ಅರ್ಪಿಸಬೇಕೆಂದೂ ಮನಸ್ಸು ನೂತನವಾಗಿ ರೂಪಾಂತರ ಹೊಂದಬೇಕೆಂದೂ ಹೇಳುತ್ತಾನೆ. ಇಲ್ಲಿಯ ಗ್ರೀಕ್ ಕ್ರಿಯಾಪದ ವಿಧಿರೂಪವೂ ಹೌದು, ಕರ್ಮಣಿ ರೂಪವೂ ಹೌದು. ಆಜ್ಞೆ ಮನುಷ್ಯನಿಗೆ, ಕೆಲಸ ದೇವರದು. ಮಾಡು ಎಂಬ ಆಜ್ಞೆಯನ್ನು ಪಾಲಿಸುವುದು ಸುಲಭ. ಮಾಡಿಸಿಕೊ ಎಂಬ ಆಜ್ಞೆಯನ್ನು ಪಾಲಿಸುವುದು ಹೇಗೆ? ಕನ್ನಡದಲ್ಲಿ ಇದಕ್ಕೆ ಹತ್ತಿರವಾದ ಕ್ರಿಯಾಪದ 'ಮಾರ್ಪಡು'. ಇದರೊಳಗಿನ 'ಪಡು' ಎಂಬುದು ನೋವುಪಡು, ಕಷ್ಟಪಡು, ಸಂತೋಷಪಡು ಎಂಬಲ್ಲಿ ಬರುವ ಪದವೇ. ಅನುಭವಕ್ಕೆ ಒಳಗಾಗುವುದು ಅದರ ತಿರುಳು. ಕನ್ನಡ ಕಥೋಲಿಕರು ಯೇಸುವಿನ ಯಾತನೆಯನ್ನು 'ಪಾಡು' ಎಂದು ಕರೆಯುತ್ತಾರೆ; ಪಾಡು-ಮರಣ ಎಂಬ ಜೋಡುನುಡಿ ಅವರ ಪ್ರಾರ್ಥನೆಗಳಲ್ಲಿ ನೆಲೆಗೊಂಡಿದೆ. ಪಾಡು ಮತ್ತು ಮಾರ್ಪಾಡು ಒಂದೇ ಧಾತುವಿನ ಮಕ್ಕಳು. ಕ್ರಿಸ್ತನ ಪಾಡಿನಲ್ಲಿ ಪಾಲುಗೊಳ್ಳದೆ ಮಾರ್ಪಾಡಿಲ್ಲ ಎಂಬ ಕ್ರೈಸ್ತ ತತ್ತ್ವವನ್ನು ಹೇಳಲು ಇದಕ್ಕಿಂತ ಸಂಕ್ಷಿಪ್ತವಾದ ಸಾಧನ ದೊರೆಯುವುದು ಕಷ್ಟ. ಕನಕಪುರ ತಾಲೂಕಿನ ಹಾರೋಬೆಲೆಯಂತಹ ಹಳ್ಳಿಯಲ್ಲಿ ಊರವರೇ ವೇಷ ಕಟ್ಟಿ ಆಡುವ 'ಮಹಿಮೆ' ನಾಟಕಕ್ಕೆ ವಸ್ತುವಾಗಿರುವುದೂ ಇದೇ ಪಾಡು.

ಪದಗಳಿಂದ ಪ್ರತಿಮೆಯತ್ತ ಬಂದರೆ, ದೈವಾರ್ಪಣೆಯ ಆಶಯವನ್ನು ಹೊತ್ತ ಅತ್ಯಂತ ಪ್ರಭಾವಿ ಪ್ರತಿಮೆ ಕುಂಬಾರ ಮತ್ತು ಮಣ್ಣಿನದು. ಇದರ ಮೂಲ ಪ್ರಾಚೀನ ಇಸ್ರಾಯೇಲಿನಲ್ಲಿದೆ. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ದೇವರು ಮನುಷ್ಯನನ್ನು ರೂಪಿಸಿದನೆಂದು ಹೇಳುವ ಹೀಬ್ರೂ ಕ್ರಿಯಾಪದದಿಂದಲೇ ಆ ಭಾಷೆಯಲ್ಲಿ ಕುಂಬಾರ ಎಂಬ ಪದ ಬಂದಿದೆ. ಮನುಷ್ಯನನ್ನು ಸೂಚಿಸುವ 'ಆದಾಮ್' ಮತ್ತು ನೆಲವನ್ನು ಸೂಚಿಸುವ 'ಅದಾಮಾ' ಪರಸ್ಪರ ಸಂಬಂಧವುಳ್ಳ ಪದಗಳು. ಮೂಲವು ಅಲ್ಲಿ ಧೂಳಿನ ಮಾತನ್ನೂ ಆಡುತ್ತದೆ. ಕನ್ನಡ ಅನುವಾದ ಮಣ್ಣು ಎಂದು ಹೇಳಿ ಕುಂಬಾರನ ಪ್ರತಿಮೆಯನ್ನು ಇನ್ನಷ್ಟು ಸಮೀಪಕ್ಕೆ ತಂದಿದೆ.

ಕ್ರಿಸ್ತಪೂರ್ವ ಏಳನೆಯ ಶತಮಾನದ ಕೊನೆ ಮತ್ತು ಆರನೆಯ ಶತಮಾನದ ಆರಂಭದಲ್ಲಿದ್ದ ಪ್ರವಾದಿ ಯೆರೆಮೀಯನ ಗ್ರಂಥದ ಹದಿನೆಂಟನೆಯ ಅಧ್ಯಾಯದಲ್ಲಿ ಈ ಪ್ರತಿಮೆ ಪೂರ್ಣ ರೂಪ ಪಡೆಯುತ್ತದೆ. ದೇವರ ಮಾತಿನಂತೆ ಪ್ರವಾದಿ ಕುಂಬಾರನ ಮನೆಗೆ ಇಳಿದು ಹೋಗುತ್ತಾನೆ. ಕುಂಬಾರ ಚಕ್ರದ ಮೇಲೆ ಕೆಲಸದಲ್ಲಿದ್ದಾನೆ. ಮಾಡುತ್ತಿದ್ದ ಪಾತ್ರೆ ಕೈಯಲ್ಲೇ ಕೆಡುತ್ತದೆ. ಆತ ಅದೇ ಮಣ್ಣನ್ನು ಮತ್ತೆ ಮುದ್ದೆ ಮಾಡಿ ತನಗೆ ಸರಿತೋರಿದ ಇನ್ನೊಂದು ಪಾತ್ರೆಯನ್ನಾಗಿ ಎತ್ತುತ್ತಾನೆ. ಇಲ್ಲಿಯ ಚಕ್ರಕ್ಕೆ ಹೀಬ್ರೂವಿನಲ್ಲಿರುವ ಪದ ದ್ವಿವಚನ. ಅಂದರೆ ಎರಡು ಕಲ್ಲುಗಳ ಜೋಡಿ. ಕರ್ನಾಟಕದ ಕುಂಬಾರರ ತಿಗರಿ ಕೋಲಿನಿಂದ ತಿರುಗಿಸಿ ಬಿಡುವ ಒಂಟಿ ಚಕ್ರ. ಸಲಕರಣೆ ಬೇರೆಯಾದರೂ ಕೆಲಸದ ತಿಳುವಳಿಕೆ ಒಂದೇ. ಕಲ್ಲು, ಬೇರುಗಳನ್ನು ಆರಿಸದ ಮಣ್ಣು ತಿಗರಿಯ ಮೇಲೆ ನಿಲ್ಲುವುದಿಲ್ಲ. ಸಾಕಷ್ಟು ತುಳಿದು ಹದಗೊಳಿಸದ ಮಣ್ಣು ಬಿರಿಯುತ್ತದೆ. ನಡುವಿಗೆ ಕೂರದ ಮುದ್ದೆ ಎಷ್ಟು ಒಳ್ಳೆಯ ಮಣ್ಣಾದರೂ ಓಲಾಡಿ ಕೆಡುತ್ತದೆ.

ಈ ಅಧ್ಯಾಯವನ್ನು ಓದುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ. ಮುಂದಿನ ಅಧ್ಯಾಯದೊಡನೆ ಇದನ್ನು ಸೇರಿಸಿ ಓದಿದಾಗ ಮಾತ್ರ ಪ್ರತಿಮೆಯ ನಿಜವಾದ ತೀಕ್ಷ್ಣತೆ ತಿಳಿಯುತ್ತದೆ. ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಯೆರೆಮೀಯನು ಸುಟ್ಟ ಕೂಜೆಯೊಂದನ್ನು ಕೊಂಡು, ಜೆರುಸಲೇಮಿನ ಹೊರಗಿನ ಹಿನ್ನೋಮ್ ಕಣಿವೆಗೆ ಹೋಗಿ, ಹಿರಿಯರ ಕಣ್ಣೆದುರಿಗೆ ಒಡೆದುಹಾಕುತ್ತಾನೆ. ಅದನ್ನು ಮತ್ತೆ ಸರಿಮಾಡಲಾಗದು ಎಂಬುದು ಅಲ್ಲಿಯ ಸಂದೇಶ. ಹಸಿಮಣ್ಣಿನ ಪಾತ್ರೆ ಕೆಟ್ಟರೆ ಮತ್ತೆ ಮಣ್ಣಾಗಿ ಪಾತ್ರೆಯಾಗಬಲ್ಲದು. ಆವಿಗೆಯಲ್ಲಿ ಬೆಂದದ್ದು ಒಡೆದರೆ ಓಡಷ್ಟೇ. ಇದು ಪ್ರತಿಯೊಬ್ಬ ಕುಂಬಾರನಿಗೂ, ಬೋಕಿಯ ಬಿಲ್ಲೆಯಲ್ಲಿ ಆಡಿದ ಪ್ರತಿಯೊಂದು ಮಗುವಿಗೂ ಗೊತ್ತಿರುವ ಸಂಗತಿ. ಆದ್ದರಿಂದ ಯೆರೆಮೀಯನ ಪ್ರತಿಮೆಯಲ್ಲಿ ಎದುರುಬದುರಾಗಿರುವುವು ಮಣ್ಣು ಮತ್ತು ಕುಂಬಾರ ಎಂಬುದಕ್ಕಿಂತ ಹಸಿ ಮತ್ತು ಬೆಂದದ್ದು ಎಂಬುವೇ ಆಗಿವೆ. ದೇವರಿಗೆ ಒಪ್ಪಿಸಿಕೊಂಡವನೆಂದರೆ ಇನ್ನೂ ಹಸಿಯಾಗಿ ಉಳಿದವನು, ತಿದ್ದಿಸಿಕೊಳ್ಳಬಲ್ಲವನು. ಒಪ್ಪಿಸಿಕೊಳ್ಳದವನೆಂದರೆ ತನ್ನ ಆಕಾರವೇ ಕೊನೆಯೆಂದು ಗಟ್ಟಿಗೊಂಡವನು. ಅದೇ ಹದಿನೆಂಟನೆಯ ಅಧ್ಯಾಯದಲ್ಲಿ, ಜನಾಂಗವೊಂದು ತನ್ನ ಕೆಟ್ಟತನದಿಂದ ತಿರುಗಿಕೊಂಡರೆ ದೇವರೂ ತಾನು ಗೊತ್ತುಮಾಡಿದ ಕೇಡಿನಿಂದ ಹಿಂದೆಗೆಯುವನೆಂಬ ಮಾತು ಬರುತ್ತದೆ. ತಿರುಗಿಕೊಳ್ಳಬಲ್ಲ ಮಣ್ಣು ಲೋಕದಲ್ಲಿಲ್ಲ. ಪ್ರತಿಮೆ ತನ್ನ ಮಿತಿಯನ್ನು ಮೀರುವುದು ಇಲ್ಲಿ. ಮಣ್ಣಿನ ಜಡತ್ವವನ್ನೇ ಭಕ್ತಿಯ ಆದರ್ಶವೆಂದು ಬೋಧಿಸುವ ವ್ಯಾಖ್ಯಾನಗಳು ಮೂಲಕ್ಕೆ ನ್ಯಾಯ ಸಲ್ಲಿಸುವುದಿಲ್ಲ.

ಕುಂಬಾರಿಕೆಯನ್ನು ಅಧ್ಯಾತ್ಮದ ಪ್ರತಿಮೆಯಾಗಿಸುವುದು ಕನ್ನಡಕ್ಕೆ ಹೊಸದಲ್ಲ. ಹರಿಹರನು ಕುಂಬಾರ ಗುಂಡಯ್ಯನ ರಗಳೆಯಲ್ಲಿ ಮಡಕೆ ತಟ್ಟುವ ಸದ್ದಿಗೆ ಶಿವನೇ ಕುಣಿದ ಕಥೆಯನ್ನು ಹಾಡಿದ್ದಾನೆ. ಅಲ್ಲಿ ಕುಂಬಾರ ಭಕ್ತ. ದುಡಿಮೆಯ ಲಯಕ್ಕೆ ಒಳಗಾಗುವವನು ದೇವರು. ಬೈಬಲಿನಲ್ಲಿ ಕುಂಬಾರನೇ ದೇವರು. ಕಬೀರನ ಹೆಸರಿನಲ್ಲಿ ಪ್ರಚಲಿತವಾಗಿರುವ ದೋಹೆಯೊಂದರಲ್ಲಿ ಗುರು ಕುಂಬಾರನಾದರೆ ಶಿಷ್ಯ ಕೊಡ. ಈ ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ಒಂದೇ ಕಸುಬು ಮೂರು ಬಗೆಯ ಸಂಬಂಧಗಳನ್ನು ಕಲ್ಪಿಸಿಕೊಡುವುದು ಕಾಣುತ್ತದೆ. ಬಸವಾದಿ ಶರಣರ ಪರಂಪರೆಯಲ್ಲಿ ಬೆಳೆದ ಕೇಳುಗನಿಗೆ ದೇವರನ್ನು ಕುಂಬಾರನೆಂದರೆ ಅದು ಕೀಳುಕಸುಬಿನ ಹೋಲಿಕೆಯೆನಿಸದೆ ಆಪ್ತವೇ ಆಗಬಲ್ಲದು.

ಒಪ್ಪಿಸಿಕೊಳ್ಳುವುದರಲ್ಲಿ ಮನುಷ್ಯನ ಪಾಲೆಷ್ಟು ಎಂಬ ಪ್ರಶ್ನೆಯೂ ಈ ನೆಲಕ್ಕೆ ಪರಿಚಿತ. ಶ್ರೀವೈಷ್ಣವರಲ್ಲಿ ವಡಗಲೈ ಪಂಥದವರು ಮರ್ಕಟಕಿಶೋರ ನ್ಯಾಯವನ್ನೂ ತೆಂಗಲೈ ಪಂಥದವರು ಮಾರ್ಜಾಲಕಿಶೋರ ನ್ಯಾಯವನ್ನೂ ಹೇಳುತ್ತ ಬಂದಿದ್ದಾರೆ. ಕೋತಿಯ ಮರಿ ತಾನೇ ತಾಯಿಯನ್ನು ಅವುಚಿಕೊಳ್ಳಬೇಕು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಒಯ್ಯುತ್ತದೆ. ಯುರೋಪಿನಲ್ಲಿ 1524ರಲ್ಲಿ ಎರಾಸ್ಮಸ್ ಮನುಷ್ಯನ ಇಚ್ಛಾಸ್ವಾತಂತ್ರ್ಯವನ್ನು ಸಮರ್ಥಿಸಿ ಬರೆದದ್ದಕ್ಕೆ 1525ರಲ್ಲಿ ಮಾರ್ಟಿನ್ ಲೂಥರ್ ಕೊಟ್ಟ ಪ್ರತ್ಯುತ್ತರದಲ್ಲಿ ನಡೆದದ್ದೂ ಹೆಚ್ಚುಕಡಿಮೆ ಇದೇ ಜಗಳ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯಲ್ಲಿ ಪೌಲನು ನಿಮ್ಮ ರಕ್ಷಣೆಯನ್ನು ನೀವೇ ಸಾಧಿಸಿಕೊಳ್ಳಿ ಎಂದವನು ಮರುಮಾತಿನಲ್ಲೇ ನಿಮ್ಮಲ್ಲಿ ಕೆಲಸ ಮಾಡುವವನು ದೇವರೇ ಎನ್ನುತ್ತಾನೆ. ಎರಡು ಮರಿಗಳನ್ನೂ ಒಂದೇ ಮಡಿಲಲ್ಲಿ ಕೂರಿಸಿದ ಹಾಗೆ. ಜಗಳ ಬಗೆಹರಿಯದಿರುವುದಕ್ಕೆ ಮೂಲದಲ್ಲೇ ಕಾರಣವಿದೆಯೆನ್ನಬೇಕು.

ಜನಪದ ಕಾವ್ಯಗಳು ಈ ಪ್ರಶ್ನೆಯನ್ನು ತರ್ಕದಿಂದ ಬಿಡಿಸಲು ಹೋಗದೆ ಕಥೆಯಾಗಿ ನಡೆಸುತ್ತವೆ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಕಮ್ಮಾರರ ಮನೆಯ ಕೆಂಪಾಚಾರಿಯನ್ನು ಮಂಟೇಸ್ವಾಮಿ ಶಿಶುಮಗನನ್ನಾಗಿ ಕೇಳುತ್ತಾನೆ. ಹೆತ್ತವರು ಒಪ್ಪುವುದಿಲ್ಲ, ಹುಡುಗ ಸುಲಭವಾಗಿ ಬಾಗುವುದಿಲ್ಲ. ಪರೀಕ್ಷೆಗಳ ಕೊನೆಯಲ್ಲಿ ಕೆಂಪಾಚಾರಿ ಸಿದ್ದಪ್ಪಾಜಿಯಾಗುತ್ತಾನೆ, ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷಕ್ಕೆ ಹೋಗಿ ಗೆಲ್ಲುತ್ತಾನೆ. ಆದಿಕಾಂಡದ ಯಾಕೋಬನೂ ಯಬ್ಬೋಕ್ ಹೊಳೆಯ ಬಳಿ ರಾತ್ರಿಯಿಡೀ ಹೋರಾಡಿ, ತೊಡೆಯ ಕೀಲು ತಪ್ಪಿ, ಇಸ್ರಾಯೇಲನೆಂಬ ಹೊಸ ಹೆಸರು ಪಡೆದು, ಕುಂಟುತ್ತ ಮುಂದೆ ಹೋಗುತ್ತಾನೆ. ಎರಡು ಕಥೆಗಳಿಗೂ ಚಾರಿತ್ರಿಕ ಸಂಬಂಧವೇನೂ ಇಲ್ಲ. ಆದರೆ ಪ್ರತಿರೋಧ, ಪರೀಕ್ಷೆ, ಹೊಸ ಹೆಸರು ಎಂಬ ಆಶಯಗಳ ಸರಣಿ ಎರಡರಲ್ಲೂ ಒಂದೇ. ಗೆತ್ಸೇಮನೆ ತೋಟದಲ್ಲಿ ಯೇಸು ಸಹ ಪಾತ್ರೆ ತನ್ನಿಂದ ತೊಲಗಲೆಂದು ಬೇಡಿಕೊಂಡ ನಂತರವೇ ತಂದೆಯ ಚಿತ್ತಕ್ಕೆ ತನ್ನನ್ನು ಬಿಟ್ಟುಕೊಡುತ್ತಾನೆ. ಹೋರಾಟವಿಲ್ಲದ ಶರಣಾಗತಿಯನ್ನು ಈ ಕಥನಗಳು ಹೆಚ್ಚು ನಂಬುವಂತೆ ತೋರುವುದಿಲ್ಲ.

ಹತ್ತೊಂಬತ್ತನೆಯ ಶತಮಾನದ ಕನ್ನಡನಾಡಿನಲ್ಲಿ ಒಪ್ಪಿಸಿಕೊಳ್ಳುವುದು ಅಂತರಂಗದ ವಿಷಯ ಮಾತ್ರವಾಗಿರಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಚರಿತ್ರೆಯಲ್ಲಿ 1844ರ ಜನವರಿ ದೊಡ್ಡ ಘಟ್ಟ. ಸಾರಸ್ವತ ಬ್ರಾಹ್ಮಣ ಕುಟುಂಬದ ಆನಂದರಾವ್ ಕೌಂಡಿನ್ಯ ಆಗ ದೀಕ್ಷಾಸ್ನಾನ ಪಡೆದನು. ಊರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಮತಾಂತರ ಹೊಂದಿದವನ ಆಸ್ತಿಯ ಹಕ್ಕನ್ನು ಕಾಪಾಡುವ ಕಾನೂನು ಬಂದದ್ದು 1850ರಲ್ಲಿ. ಅಲ್ಲಿಯವರೆಗೆ ದೀಕ್ಷಾಸ್ನಾನವೆಂದರೆ ಮನೆ, ಪಾಲು, ಪಂಕ್ತಿ, ಬಂಧುತ್ವ ಎಲ್ಲವನ್ನೂ ಪಣಕ್ಕೊಡ್ಡುವುದಾಗಿತ್ತು. ಮೇಲುಜಾತಿಯವನು ಕಳೆದುಕೊಳ್ಳುವುದು ಹೆಚ್ಚೆಂದು ಚರಿತ್ರೆಕಾರರು ಅವನ ಕಥೆಯನ್ನೇ ವಿಸ್ತಾರವಾಗಿ ಬರೆದರು. ಕಳೆದುಕೊಳ್ಳಲು ಏನೂ ಇಲ್ಲದವರಿಗೂ ಊರಿನ ಬಾವಿ, ಒಡೆಯನ ಗೇಣಿ, ದಿನದ ಕೂಲಿ ಎಂಬ ಆಸರೆಗಳಿದ್ದವು, ಅವೂ ತಪ್ಪಿಹೋಗಬಹುದಾಗಿತ್ತು ಎಂಬುದು ಅಷ್ಟಾಗಿ ದಾಖಲಾಗಲಿಲ್ಲ.

ಆಸರೆ ತಪ್ಪಿದವರಿಗೆ ಉದ್ಯೋಗ ಕಲ್ಪಿಸಲು ಮಿಷನ್ ನೇಯ್ಗೆ, ಮುದ್ರಣ ಮೊದಲಾದ ಕೈಗಾರಿಕೆಗಳನ್ನು ಆರಂಭಿಸಿತು. ಅವುಗಳಲ್ಲಿ ಹೆಸರಾದದ್ದು 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಸ್ಥಾಪಿಸಿದ ಹೆಂಚಿನ ಕಾರ್ಖಾನೆ. ಮಂಗಳೂರು ಹೆಂಚೆಂದು ಲೋಕಪ್ರಸಿದ್ಧವಾದ ವಸ್ತುವಿನ ಉಗಮ ಇದು. ವಾರದ ದಿನಗಳಲ್ಲಿ ಹೊಳೆಯ ಜೇಡಿಯನ್ನು ಹದಗೊಳಿಸಿ, ಅಚ್ಚಿಗೊತ್ತಿ, ನೆರಳಿನಲ್ಲಿ ಒಣಗಿಸಿ, ಗೂಡಿನಲ್ಲಿ ಸುಡುವ ಕೆಲಸ. ಭಾನುವಾರ ದೇವಾಲಯದಲ್ಲಿ ಮನುಷ್ಯನು ದೇವರ ಕೈಯ ಮಣ್ಣೆಂಬ ವಾಕ್ಯದ ಶ್ರವಣ. ಈ ಸನ್ನಿವೇಶ ಮೇಲುನೋಟಕ್ಕೆ ಸುಂದರವಾದದ್ದು. ಆದರೆ ಕುಂಬಾರನ ತಿಗರಿಗೂ ಕಾರ್ಖಾನೆಯ ಅಚ್ಚಿಗೂ ವ್ಯತ್ಯಾಸವಿದೆ. ತಿಗರಿಯ ಮೇಲೆ ಕೆಟ್ಟ ಮುದ್ದೆ ಇನ್ನೊಂದು ಪಾತ್ರೆಯಾಗುತ್ತದೆ, ಒಂದು ಇನ್ನೊಂದರಂತೆ ಇರುವುದಿಲ್ಲ. ಅಚ್ಚಿನಿಂದ ಬರುವ ಹೆಂಚುಗಳೆಲ್ಲ ಒಂದೇ ಅಳತೆಯವು. ಸಭೆಯೂ ಉದ್ಯೋಗವೂ ವಸತಿಯೂ ಒಂದೇ ಆಡಳಿತದ ಕೈಯಲ್ಲಿದ್ದಾಗ ದೇವರಿಗೆ ಒಪ್ಪಿಸಿಕೊಳ್ಳುವುದಕ್ಕೂ ಸಂಸ್ಥೆಗೆ ಒಪ್ಪಿಸಿಕೊಳ್ಳುವುದಕ್ಕೂ ನಡುವಣ ಗೆರೆ ತೆಳುವಾಗುತ್ತದೆ. ಬಾಗು, ಮಣಿ, ಎದುರಾಡಬೇಡ ಎಂಬ ಉಪದೇಶ ದೇವರ ಹೆಸರಿನಲ್ಲಿ ಹೊರಟು ಯಜಮಾನಿಕೆಯ ಬಾಯಿಗೆ ಬಂದು ಸೇರುವ ಅಪಾಯ ಇದು. ರೋಮಾಪುರದವರ ಪತ್ರಿಕೆಯ ಒಂಬತ್ತನೆಯ ಅಧ್ಯಾಯದಲ್ಲಿ ಪೌಲನು ಮಣ್ಣು ಕುಂಬಾರನನ್ನು ಪ್ರಶ್ನಿಸಬಹುದೇ ಎಂದು ಕೇಳುವುದು ನಿಜ. ದೇವರ ಕುರಿತಾಗಿ ಕೇಳಿದ ಆ ಪ್ರಶ್ನೆಯನ್ನು ಮನುಷ್ಯ ಮನುಷ್ಯನಿಗೆ, ಅದರಲ್ಲೂ ತಲೆಮಾರುಗಳಿಂದ ಬಾಗಿದವನಿಗೆ ಕೇಳಿದಾಗ ಅರ್ಥ ಬುಡಮೇಲಾಗುತ್ತದೆ. ದಲಿತ ಕ್ರೈಸ್ತ ಚಿಂತಕರು ವಿಧೇಯತೆಯ ಬೋಧನೆಯನ್ನು ಸಂಶಯದಿಂದ ಕಂಡದ್ದು ಈ ಕಾರಣದಿಂದಲೇ. 'ಹಿಡಿದುಕೊಡು' ಮತ್ತು 'ಒಪ್ಪಿಸು' ಎಂಬ ಪದಗಳ ಅಂತರ ಇಲ್ಲಿ ಉಪಯುಕ್ತವಾದ ಅಳತೆಗೋಲು. ಯೆಶಾಯನ ಗ್ರಂಥದ ಅರುವತ್ತನಾಲ್ಕನೆಯ ಅಧ್ಯಾಯದಲ್ಲಿ ನಾವು ಮಣ್ಣು, ನೀನು ಕುಂಬಾರ ಎಂಬ ಆಶಯದ ಮಾತು ಬರುವುದು ಜನರು ತಾವಾಗಿ ದೇವರಿಗೆ ಮಾಡುವ ಮೊರೆಯಲ್ಲಿ. ದೇವರನ್ನು ತಂದೆಯೆಂದು ಕರೆದ ಉಸಿರಿನಲ್ಲೇ, ಇನ್ನೆಷ್ಟು ಕಾಲ ಸುಮ್ಮನಿರುವೆ ಎಂದು ಆತನನ್ನು ಕೇಳುವ ದಿಟ್ಟತನವೂ ಆ ಮೊರೆಯಲ್ಲಿದೆ.

ಮಿಷನ್ನಿನ ವಿದ್ವಾಂಸರೆಲ್ಲರೂ ಅಚ್ಚಿನವರಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಹರ್ಮನ್ ಮೋಗ್ಲಿಂಗ್ 1850ರ ಸುಮಾರಿಗೆ ಹರಿದಾಸರ ಪದಗಳನ್ನು ಸಂಗ್ರಹಿಸಿ ಅಚ್ಚುಹಾಕಿಸಿದನು. ಫರ್ಡಿನಾಂಡ್ ಕಿಟೆಲ್ 1862ರಲ್ಲಿ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡ ಪದ್ಯಕ್ಕೆ ತಂದನು. ಕಲಿಸಲು ಬಂದವರು ಕಲಿತು ಮಾರ್ಪಟ್ಟ ಕಥೆಯೂ ಈ ಚರಿತ್ರೆಯ ಭಾಗ.

ಕನ್ನಡ ಕಥೋಲಿಕರ ಆಚರಣೆಗಳಲ್ಲಿ ಈ ಆಶಯವು ಮಾತಿಲ್ಲದೆ ಪ್ರಕಟವಾಗುವುದು ವಿಭೂತಿ ಬುಧವಾರದಂದು. ಹಿಂದಿನ ವರ್ಷದ ಗರಿಗಳ ಭಾನುವಾರ ಮಂತ್ರಿಸಿ ಮನೆಗೆ ಒಯ್ದ ಗರಿ ವರ್ಷವಿಡೀ ಶಿಲುಬೆಯ ಹಿಂದೆಯೋ ಬಾಗಿಲ ಮೇಲೆಯೋ ಒಣಗುತ್ತಿರುತ್ತದೆ. ತಪಸ್ಸುಕಾಲದ ಮುನ್ನ ಅಂಥ ಗರಿಗಳನ್ನು ಕೂಡಿಸಿ ಸುಟ್ಟು ಬೂದಿ ಮಾಡುತ್ತಾರೆ. ಜಯಕಾರದ ಹಸಿರುಗರಿ ಪಶ್ಚಾತ್ತಾಪದ ಬೂದಿಯಾಗಿ ಅದೇ ಭಕ್ತನ ಹಣೆಗೆ ಮರಳುತ್ತದೆ. ವಿಭೂತಿ ಎಂಬ ಹೆಸರು ಶೈವಪರಂಪರೆಯಿಂದ ಬಂದದ್ದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೂದಿ ಹಚ್ಚುವಾಗ ಹೇಳಲು ವಿಧಿಯಲ್ಲಿ ಎರಡು ವಾಕ್ಯಗಳಿಗೆ ಅವಕಾಶವಿದೆ. ಒಂದು, ಮನುಷ್ಯನು ಮಣ್ಣೆಂಬುದನ್ನು ನೆನಪಿಸುತ್ತದೆ. ಇನ್ನೊಂದು, ತಿರುಗಿಕೊಂಡು ಶುಭಸಂದೇಶವನ್ನು ನಂಬುವಂತೆ ಕರೆಯುತ್ತದೆ. ಯೆರೆಮೀಯನು ಕುಂಬಾರನ ಮನೆಯಲ್ಲಿ ಕಂಡ ಮಣ್ಣು ಮತ್ತು ಅಲ್ಲಿ ಕೇಳಿದ ಕರೆ ಎರಡೂ ಹೀಗೆ ಒಂದೇ ವಿಧಿಯಲ್ಲಿ ಉಳಿದುಬಂದಿವೆ. ಜನರೆಲ್ಲರ ಹಣೆಗೆ ಬೂದಿ ಹಚ್ಚುವ ಗುರುವೂ ಆ ದಿನ ತಲೆಬಾಗಿ, ಜನರ ಕಣ್ಣೆದುರಿಗೇ ಅದೇ ಬಟ್ಟಲಿನ ಬೂದಿಯನ್ನು ಪಡೆಯುತ್ತಾನೆ.